ಟ್ಯಾಂಕಿನ ಕೆಳಗಿನ ಮಣ್ಣು

ಯುದ್ಧ ಟ್ಯಾಂಕಿನ ಪುಟ್ಟ ಪ್ಲಾಸ್ಟಿಕ್ ಮಾಡೆಲ್ ಜೋಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಡಬ್ಬಿಯಲ್ಲಿ ಎಲ್ಲಾ ಬಂದಿರುತ್ತದೆ. ನಂಬರ್ ಹಾಕಿದ ಪ್ಲಾಸ್ಟಿಕ್ ತುಂಡುಗಳು, ಯಾವುದಕ್ಕೆ ಯಾವುದು ಅಂತ ತೋರಿಸುವ ಚಿತ್ರ, ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಡೆಕಾಲ್. ತಾಳ್ಮೆ ಇದ್ದರೆ ಯಾರು ಬೇಕಾದರೂ ಮಾಡಬಹುದು. ಡಬ್ಬಿಯಲ್ಲಿ ಬಾರದೇ ಇರುವುದು ಒಂದೇ, ಅದು ನಿಲ್ಲುವ ನೆಲ. ನನಗೆ ಈ ಹವ್ಯಾಸದ ರುಚಿಯೆಲ್ಲ ಸಿಕ್ಕಿದ್ದು ಅಲ್ಲೇ.

ಮಾಡೆಲ್ ಮಾಡುವವರಲ್ಲಿ ಬೋಲ್ಟ್ ಎಣಿಸುವವರ ಒಂದು ಪಂಗಡವೇ ಇದೆ. ಹಿಂಬದಿ ಮುಚ್ಚಳದಲ್ಲಿ ಒಂದು ಬೋಲ್ಟ್ ಕಮ್ಮಿಯಾದರೆ ಅವರಿಗೆ ಊಟ ಸೇರುವುದಿಲ್ಲ. ಅವರ ಶ್ರದ್ಧೆಗೆ ಕೈ ಮುಗಿಯುತ್ತೇನೆ. ಆದರೆ ಅಷ್ಟೆಲ್ಲಾ ಮಾಡಿದ ಟ್ಯಾಂಕನ್ನು ಹೊಳೆಯುವ ಕಪ್ಪು ಹಲಗೆ ಮೇಲೆ ಕೂರಿಸಿದಾಗ ಪಾಪ ಅನ್ನಿಸುತ್ತದೆ. ಎಲ್ಲಿಗೆ ಹೊರಟಿತ್ತು, ಅದು ಯಾವ ತಿಂಗಳು, ಹಿಂದಿನ ರಾತ್ರಿ ಮಳೆ ಬಂದಿತ್ತಾ, ಏನೂ ಗೊತ್ತಾಗುವುದಿಲ್ಲ. ಅದನ್ನೆಲ್ಲ ಹೇಳಬೇಕಾದ್ದು ಕೆಳಗಿನ ಮಣ್ಣು.

ನಾನು ಮಾಡುವುದು 1/72 ಅಳತೆಯ ಪುಟ್ಟ ಟ್ಯಾಂಕ್‌ಗಳು. ಲೆಕ್ಕ ಸುಲಭ. ಆರಡಿ ಆಳು ಸರಿಯಾಗಿ ಒಂದಿಂಚು ಆಗುತ್ತಾನೆ. ನಮ್ಮ ಸೇನೆ 1971ರಲ್ಲಿ ಬಳಸಿದ ಟಿ-55ರ ಒಡಲು ಆರೂವರೆ ಮೀಟರಿಗೆ ಸ್ವಲ್ಪ ಕಮ್ಮಿ. ಇಲ್ಲಿ ಅದು ಒಂಬತ್ತು ಸೆಂಟಿಮೀಟರ್, ಅಂಗೈ ಮೇಲೆ ಕೂರುತ್ತದೆ. ಪ್ರಪಂಚದಲ್ಲಿ ಜಾಸ್ತಿ ಜನ ಮಾಡುವುದು 1/35. ಅದೇನೂ ಪಂಡಿತರು ಕೂತು ತೀರ್ಮಾನಿಸಿದ ಅಳತೆಯಲ್ಲ. 1960ರ ದಶಕದ ಶುರುವಿನಲ್ಲಿ ಜಪಾನಿನ ತಮಿಯಾ ಕಂಪನಿ ಮೋಟರ್ ಇರುವ ಪ್ಯಾಂಥರ್ ಟ್ಯಾಂಕ್ ಕಿಟ್ ಮಾಡಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ಜಾಗ ಬೇಕಿತ್ತು. ಹಾಗೆ ಬಂದ ಗಾತ್ರ ಹೆಚ್ಚುಕಮ್ಮಿ 1/35 ಆಯಿತು, ಆಮೇಲೆ ಉಳಿದವರೂ ಅದನ್ನೇ ಹಿಡಿದರು. ದೊಡ್ಡದರಲ್ಲಿ ಕೆತ್ತನೆ ಜಾಸ್ತಿ, ನಿಜ. ಆದರೆ ಅದಕ್ಕೆ ಒಂದು ಮರ, ಒಂದು ಮನೆ, ನಾಲ್ಕು ಮಾರು ರಸ್ತೆ ಸೇರಿಸಿದಿರೋ, ಅಲ್ಮೇರಾದ ಒಂದು ಅಂತಸ್ತೇ ಹೋಯಿತು. 1/72ರಲ್ಲಿ ಎರಡು ಅಂಗೈ ಅಗಲದ ಹಲಗೆಯಲ್ಲಿ ಘಾಟಿಯ ಒಂದು ತಿರುವೇ ಹಿಡಿಸುತ್ತದೆ. ಘಾಟಿ ತಿರುವು ಹೇಗಿರುತ್ತೆ ಅಂತ ಚಿಕ್ಕಮಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ನೆಲಕ್ಕೆ ಇಳಿದಾಗ ಇದೇ ಅಳತೆ ಕಾಡಿಸುತ್ತದೆ. ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ ಏಳು ಸೆಂಟಿಮೀಟರಿಗೂ ಮೇಲೆ. ಅಂಗಳದ ಮರಳನ್ನು ಹಾಗೇ ಉದುರಿಸಿದರೆ ಟ್ಯಾಂಕ್ ಜಲ್ಲಿ ರಾಶಿ ಹತ್ತಿ ನಿಂತ ಹಾಗೆ ಕಾಣುತ್ತದೆ. ಒಂದು ರಾಗಿ ಕಾಳು ಇಲ್ಲಿ ಮುಷ್ಟಿಗಿಂತ ದೊಡ್ಡ ಕಲ್ಲು. ಅದಕ್ಕೇ ಮಣ್ಣನ್ನು ಮೊದಲು ವಂದರಿಯಲ್ಲಿ, ಆಮೇಲೆ ಟೀ ಸೋಸುವ ಜಾಲರಿಯಲ್ಲಿ, ಕೊನೆಗೆ ಹಳೇ ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ವಂದರಿಯಲ್ಲಿ ಉಳಿದದ್ದು ಬಂಡೆ. ಜಾಲರಿಯಲ್ಲಿ ಉಳಿದದ್ದು ರಸ್ತೆ ಪಕ್ಕದ ಕಲ್ಲು. ಬಟ್ಟೆಯಲ್ಲಿ ಉಳಿದದ್ದು ಜಲ್ಲಿ. ಬಟ್ಟೆಯಿಂದ ಕೆಳಗೆ ಇಳಿದ ಪುಡಿ ಮಾತ್ರ ಮಣ್ಣು. ರಾಗಿ, ರವೆ ಉಪಯೋಗಿಸಿ ಅಂತ ಕೆಲವರು ಹೇಳುತ್ತಾರೆ. ಬೇಡ. ಇರುವೆ ಬರುತ್ತೆ, ಆಮೇಲೆ ಹುಳ ಬೀಳುತ್ತೆ.

ಮಣ್ಣಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮಲೆನಾಡಿನ ತೋಟದ ಕಡೆ ಗಾಢ ಕೆಂಪು. ಕಡೂರಿನ ಕಡೆ ಇಳಿದರೆ ಬಯಲುಸೀಮೆ, ಅಲ್ಲಿ ಚಪ್ಪಲಿ ಮೇಲೆ ಕೂರುವ ಧೂಳಿನ ಬಣ್ಣವೇ ಬೇರೆ. ಅಜ್ಜಂಪುರದ ಕಡೆ ಎರೆಮಣ್ಣು. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ನಮ್ಮ ಮಣ್ಣಿನ ಕೆಂಪು ಬಂದಿರುವುದು ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು. ಹಾಗಾಗಿ ಟ್ಯಾಂಕಿನ ಹೊಗೆ ಕೊಳವೆಗೆ ತುಕ್ಕಿನ ಬಣ್ಣ ಬೇಕು ಅಂದಾಗ ನಾನು ಹೊರದೇಶದ ಪುಟ್ಟ ಸೀಸೆ ತರಿಸುವುದಿಲ್ಲ. ಮನೆ ಹಿಂದಿನ ಧರೆಯಿಂದ ಒಂದು ಚಮಚ ಮಣ್ಣು ತಂದು, ಬಟ್ಟೆಯಲ್ಲಿ ಸೋಸಿ, ಟರ್ಪೆಂಟೈನ್‌ನಲ್ಲಿ ಕಲಸಿ ಬ್ರಷ್ ತುದಿಯಿಂದ ಮುಟ್ಟಿಸುತ್ತೇನೆ. ಅದು ತುಕ್ಕಿನ ಹಾಗೆ ಕಾಣುತ್ತದೆ ಅನ್ನುವುದಕ್ಕಿಂತ, ಅದು ತುಕ್ಕೇ.

ಆದರೆ ಊರ ಮೇಲಿನ ಪ್ರೀತಿಯಿಂದ ಎಲ್ಲಾ ಟ್ಯಾಂಕಿನ ಕೆಳಗೂ ಇದೇ ಕೆಂಪು ಸುರಿದರೆ ಕೆಲಸ ಕೆಡುತ್ತದೆ. ಪಂಜಾಬಿನ ಹೊಲದ ಮಣ್ಣು ಕೆಂಪಲ್ಲ, ಬಿಳಿಚಿಕೊಂಡ ಕಂದು. ರಾಜಸ್ಥಾನದ್ದು ಹಳದಿ ಕಡೆಗೆ. ಅದಕ್ಕೆ ಕಡೂರಿನ ಧೂಳಿಗೆ ಒಲೆ ಬೂದಿ ಬೆರೆಸಿಕೊಳ್ಳುತ್ತೇನೆ. ಬೂದಿ ಬೆರೆತರೆ ಬಣ್ಣ ತಣ್ಣಗಾಗುತ್ತದೆ.

ಟ್ಯಾಂಕ್ ನೆಲದ ಮೇಲೆ ಏನು ಗುರುತು ಬಿಡುತ್ತದೆ ಅಂತ ತಿಳಿಯುವುದು ಹೇಗೆ? ನಮ್ಮೂರಲ್ಲಿ ಟ್ಯಾಂಕ್ ಓಡಾಡುವುದಿಲ್ಲ. ಹಿಟಾಚಿ ಓಡಾಡುತ್ತದೆ. ಯಾವ ಕಂಪನಿಯದಾದರೂ ಇರಲಿ, ಚೈನ್ ಮೇಲೆ ಓಡುವ ಮಣ್ಣು ತೋಡುವ ಯಂತ್ರಕ್ಕೆಲ್ಲ ಇಲ್ಲಿ ಹಿಟಾಚಿ ಅಂತಲೇ ಹೆಸರು. ತೋಟದಲ್ಲಿ ರಸ್ತೆ ಕಡಿಯುವಾಗ, ಸೈಟ್ ಮಟ್ಟ ಮಾಡುವಾಗ ಸುಮ್ನೆ ಹೋಗಿ ಹತ್ತಿರ ನಿಂತು ನೋಡಿ. ಎಷ್ಟು ವಿಷಯ ಇದೆ ಅದರಲ್ಲಿ! ಚೈನಿನ ಪಟ್ಟಿಗಳಲ್ಲಿ ನೆಲಕ್ಕೆ ತಾಗುವ ಏಣು ಮಾತ್ರ ಬೆಳ್ಳಗೆ ಹೊಳೆಯುತ್ತದೆ, ನಡುವಿನ ತಗ್ಗಿನಲ್ಲಿ ಮಣ್ಣು ಇಟ್ಟಿಗೆ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಹಲ್ಲಿನ ಚಕ್ರದ ತುದಿಗಳು ಉಜ್ಜಿ ಉಜ್ಜಿ ಸವೆದಿರುತ್ತವೆ. ಮೇಲಿನ ಚೈನ್ ಎಂದೂ ನೆಟ್ಟಗಿರುವುದಿಲ್ಲ, ತನ್ನ ಭಾರಕ್ಕೆ ತಾನೇ ಜೋತು ಬಿದ್ದಿರುತ್ತದೆ. ಕಿಟ್‌ನಲ್ಲಿ ಬರುವ ರಬ್ಬರ್ ಚೈನ್ ನೆಟ್ಟಗೆ ಬಿಗಿದುಕೊಂಡಿರುತ್ತದೆ. ಅದನ್ನು ಚಕ್ರಗಳಿಗೆ ಒತ್ತಿ ಅಂಟಿಸಿ ಜೋತು ಬೀಳಿಸದೆ ಹೋದರೆ ಹದಿನೈದು ಟನ್ನಿನ ಯಂತ್ರವೂ ಆಟದ ಸಾಮಾನು.

ಇನ್ನೂ ಮುಖ್ಯವಾದದ್ದು ತಿರುವಿನ ಗುರುತು. ಹಿಟಾಚಿ ನೇರ ಹೋದಾಗ ನೆಲದಲ್ಲಿ ಅಚ್ಚು ಒತ್ತಿದ ಹಾಗೆ ಗೆರೆಗಳು ಚೊಕ್ಕಟವಾಗಿ ಬೀಳುತ್ತವೆ. ತಿರುಗಿದಾಗ ಎಲ್ಲಾ ಅಳಿಸಿಹೋಗುತ್ತದೆ. ಚೈನ್ ಮಣ್ಣನ್ನು ಅಡ್ಡಕ್ಕೆ ಎಳೆದು, ತಿರುವಿನ ಹೊರಬದಿಗೆ ಬದುವಿನ ಹಾಗೆ ಒಟ್ಟುತ್ತದೆ. ಪೇಟೆಯಲ್ಲಿ ಸಿಗುವ ರೆಡಿಮೇಡ್ ಬೇಸ್‌ಗಳಲ್ಲಿ, ಅಂದರೆ ಮಾಡೆಲ್ ನಿಲ್ಲಿಸುವ ನೆಲದ ಹಲಗೆಗಳಲ್ಲಿ, ಇದು ಕಾಣುವುದೇ ಇಲ್ಲ. ಟ್ಯಾಂಕ್ ಓರೆಯಾಗಿ ನಿಂತಿರುತ್ತದೆ, ಹಿಂದಿನ ಗುರುತು ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗೆ. ಆಕಾಶದಿಂದ ಇಳಿಸಿದರಾ ಅದನ್ನು?

1970ರ ದಶಕದಲ್ಲಿ ಅಮೆರಿಕದ ಶೆಪ್ ಪೇಯ್ನ್ ಅನ್ನುವವರು ಮಾನೋಗ್ರಾಮ್ ಕಂಪನಿಯ ಕಿಟ್‌ಗಳಿಗೆ ಡಯೋರಾಮಾ, ಅಂದರೆ ನೆಲದ ಸಮೇತ ಒಂದು ಪುಟ್ಟ ದೃಶ್ಯ, ಮಾಡಿ ತೋರಿಸಿದರು. ಅದು ಹೇಗೆ ಮಾಡಿದ್ದು ಅಂತ ವಿವರಿಸುವ ಹಾಳೆಯೂ ಡಬ್ಬಿಯೊಳಗೇ ಬರುತ್ತಿತ್ತು. ಆ ಹಾಳೆ ನೋಡಿ ಕಲಿತವರು ಎಷ್ಟೋ ಜನ. ನನಗೆ ಆ ಪಾಠ ಆಗಿದ್ದು ಮನೆಯಲ್ಲೇ, ನವರಾತ್ರಿಯಲ್ಲಿ. ಹಳೇ ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಕೆಳಗೆ ನೆಲದಲ್ಲಿ ಪಾರ್ಕು. ಮೆಟ್ಟಿಲು ಅಮ್ಮನದು, ಪಾರ್ಕು ಮಕ್ಕಳದು. ಹಬ್ಬಕ್ಕೆ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು ಗದ್ದೆ. ಕನ್ನಡಿ ಇಟ್ಟು ಅಂಚಿಗೆ ಮಣ್ಣು ಸರಿಸಿದರೆ ಕೆರೆ. ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಹುಲ್ಲು, ಇಟ್ಟಿಗೆ ಪುಡಿಯಲ್ಲಿ ದಾರಿ. ಮಾಡೆಲ್ ರೈಲು ಮಾಡುವ ವಿದೇಶಿಯರು ದಶಕಗಟ್ಟಲೆ ಹುಲ್ಲಿಗೆ ಬಳಸಿದ್ದೂ ಇದೇ ಬಣ್ಣದ ಹೊಟ್ಟನ್ನು ಅಂತ ಎಷ್ಟೋ ಆಮೇಲೆ ಓದಿದಾಗ ಖುಷಿಯಾಗಿತ್ತು.

ಅಮ್ಮ ಒಂದು ಮಾತು ಹೇಳುತ್ತಿದ್ದರು. "ಎಲ್ಲಾ ಕಡೆ ತುಂಬ್ಬೇಡ್ವೋ, ಆ ಹಸು ನಡೆಯೋಕೆ ಜಾಗ ಬಿಡು." ಈಗಲೂ ಬೇಸ್ ಮಾಡುವಾಗ ನೆನಪಾಗುತ್ತದೆ. ಹೊಸಬರ ಬೇಸ್‌ಗಳಲ್ಲಿ ಮುರಿದ ಗೋಡೆ, ಡ್ರಮ್ಮು, ಹೆಲ್ಮೆಟ್ಟು, ಕಂಬ, ನಾಯಿ, ಎಲ್ಲಾ ತುಂಬಿಕೊಂಡು ಗುಜರಿ ಅಂಗಡಿ ಆಗಿರುತ್ತದೆ. ಅರ್ಧ ಜಾಗ ಖಾಲಿ ಬಿಟ್ಟರೆ ಟ್ಯಾಂಕ್ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದೆ ಅನ್ನಿಸುತ್ತದೆ. ಹಲಗೆಯ ಅಂಚಿಗೆ ಸಮನಾಗಿ ನಿಲ್ಲಿಸದೆ ಸ್ವಲ್ಪ ಓರೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ನನ್ನ ಹತ್ತಿರ ಇರುವುದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಜೋಜಿ ಲಾ ಬೇಸ್. ಅದರ ಹಿಂದಿನ ಕಥೆ ನಮ್ಮ ಕೊಡಗಿನವರದು. 1948ರಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, ಲೇಹ್‌ಗೆ ಹೋಗುವ ದಾರಿ ಜೋಜಿ ಲಾ ಕಣಿವೆಯಲ್ಲಿ ಮುಚ್ಚಿಹೋಗಿತ್ತು. ಎತ್ತರ ಮೂರೂವರೆ ಸಾವಿರ ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತಲೆ ಮೇಲೆ ಇನ್ನೂ ಮುಕ್ಕಾಲು ಪಾಲಿಗೂ ಹೆಚ್ಚು ಏರಿಸಿಕೊಳ್ಳಿ. ಮೇಲಿನ ಬೆಟ್ಟಗಳಲ್ಲಿ ಶತ್ರು ಬಂಕರ್ ಮಾಡಿಕೊಂಡು ಕೂತಿದ್ದ. ಕಾಲಾಳುಗಳ ದಾಳಿ ವಿಫಲವಾಗಿತ್ತು. ಆಗ ಡಿವಿಜನ್ ಕಮಾಂಡರ್ ಆಗಿದ್ದ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ಹತ್ತಿಸುವ ನಿರ್ಧಾರ ಮಾಡಿದರು. 7ನೇ ಲೈಟ್ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕ್‌ಗಳು. ಗುಟ್ಟು ಬಯಲಾಗಬಾರದು ಅಂತ ಮೇಲಿನ ಟರೆಟ್, ಅಂದರೆ ತೋಪು ಇರುವ ತಿರುಗುವ ಭಾಗ, ಕಳಚಿ ಜಮ್ಮುವಿನಿಂದ ಶ್ರೀನಗರಕ್ಕೆ ಸಾಗಿಸಿದರು. 1948ರ ನವೆಂಬರ್ 1ರಂದು, ಹಿಮ ಬೀಳುತ್ತಿದ್ದಾಗ, ಟ್ಯಾಂಕ್‌ಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕನ್ನು ಯುದ್ಧಕ್ಕೆ ಇಳಿಸಿರಲಿಲ್ಲ. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ ಆಗಿದೆ, ಹೋದರೆ ನೋಡಿ ಬನ್ನಿ.

ಈ ಕಥೆಯಲ್ಲಿ ನನ್ನನ್ನು ಹಿಡಿದದ್ದು ರಸ್ತೆ. ಬಾಲ್ತಾಲ್‌ನಿಂದ ಮೇಲೆ ಇದ್ದದ್ದು ಹೇಸರಗತ್ತೆ ನಡೆಯುವ ದಾರಿ. ಅದನ್ನು ಕಡಿದು, ಅಗಲ ಮಾಡಿ, ಟ್ಯಾಂಕ್ ಹತ್ತುವ ಹಾಗೆ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕ ಕೇಂದ್ರ ಇರುವ ಪಡೆಯವರು. ಸ್ಟುಅರ್ಟ್ ಚಿತ್ರ ಎಲ್ಲಾ ಕಡೆ ಸಿಗುತ್ತದೆ. ಆ ರಸ್ತೆಯನ್ನು ಯಾರೂ ಮಾಡೆಲ್ ಮಾಡುವುದಿಲ್ಲ. ಅದಕ್ಕೇ ನಾನು ಗುಂಡು ಹಾರುವ ದೃಶ್ಯ ಬಿಟ್ಟು, ಅಗಲ ಮಾಡಿದ ಆ ದಾರಿಯನ್ನೇ ಹಿಡಿದೆ. ಒಂದು ಕಡೆ ಧರೆ, ಒಂದು ಕಡೆ ಪ್ರಪಾತ, ನಡುವೆ ಏಳು ಸೆಂಟಿಮೀಟರ್ ಆಸುಪಾಸಿನ ಸ್ಟುಅರ್ಟ್. ಧರೆಗೆ ಒತ್ತಿ ನಿಂತು ಅದಕ್ಕೆ ದಾರಿ ಬಿಡುತ್ತಿರುವ, ಸಲಿಕೆ ಹಿಡಿದ ಮೂರು ಆಳು. ಆ ಮೂವರನ್ನು ಅಲ್ಲಿ ನಿಲ್ಲಿಸಿದ್ದು ನನ್ನ ಕಲ್ಪನೆ.

ಹಲಗೆಗೆ ಮರದ ಮಿಲ್ಲಿಗೆ ಹೋಗಿದ್ದೆ. ನಮ್ಮ ಕಡೆ ಮಿಲ್ಲುಗಳಲ್ಲಿ ಹಲಸಿನದೋ ಸಿಲ್ವರ್ ಓಕಿನದೋ ತುಂಡು ಧಾರಾಳವಾಗಿ ಬಿದ್ದಿರುತ್ತದೆ.

"ಏನ್ ಸಾರ್, ಗಣಪತಿ ಕೂರ್ಸಕ್ಕಾ?" ಅಂದರು ಅಲ್ಲಿಯವರು.

"ಇಲ್ಲ ಅಣ್ಣ, ಇದನ್ನ ಇಡೋಕೆ" ಅಂತ ಜೇಬಿನಿಂದ ಸ್ಟುಅರ್ಟ್ ತೆಗೆದು ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಚೈನು ಲೂಸಾಗೈತಲ್ಲ ಸಾರ್. ಏರು ಹತ್ತುವಾಗ ಕಳಚ್ಕೊಂಡ್ರೆ?" ಅಂದರು. ಚೈನ್ ಜೋತು ಬಿದ್ದಿರುವುದನ್ನು ಗಮನಿಸಿದ ಮೊದಲ ಮನುಷ್ಯ ಅವರೇ. ಹಲಸಿನ ತುಂಡಿಗೆ ಉಜ್ಜು ಹಾಕಿಕೊಟ್ಟು ದುಡ್ಡು ಬೇಡ ಅಂದರು.

ಹಲಗೆ ಮೇಲೆ ಥರ್ಮೋಕೋಲನ್ನು ಪದರ ಪದರವಾಗಿ ಫೆವಿಕಾಲಿನಲ್ಲಿ ಅಂಟಿಸಿ ಬೆಟ್ಟದ ಇಳಿಜಾರು ಮಾಡಬೇಕು. ಇದಕ್ಕೆ ಫೆವಿಕ್ವಿಕ್ ಆಗಲೀ ಸ್ಪ್ರೇ ಪೇಂಟ್ ಆಗಲೀ ನೇರ ಮುಟ್ಟಿಸಬಾರದು, ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ. ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಸ್ವಲ್ಪ ಫೆವಿಕಾಲ್, ಸ್ವಲ್ಪ ಬೂದು ಬಣ್ಣ ಬೆರೆಸಿ ಮೆತ್ತಬೇಕು. ಬಣ್ಣ ಮೊದಲೇ ಬೆರೆತಿದ್ದರೆ ಎಲ್ಲಾದರೂ ಕೆತ್ತಿ ಬಂದಾಗ ಬಿಳಿ ಹಲ್ಲು ಕಾಣುವುದಿಲ್ಲ. ಬಂಡೆಗೆ ಒಣಗಿದ ಮಾವಿನ ತೊಗಟೆ. ಅದರ ಬಿರುಕುಗಳು ಬೂದು ಬಣ್ಣ ಹೊಡೆದ ಮೇಲೆ ಥೇಟ್ ಬಂಡೆ ಸೀಳು. ಇನ್ನೂ ಹಸಿ ಇರುವಾಗಲೇ ಟ್ಯಾಂಕನ್ನು ಒತ್ತಿ ಎತ್ತಬೇಕು. ಟ್ಯಾಂಕಿಗೆ ಭಾರವಿದೆ ಅಂತ ಕಣ್ಣಿಗೆ ಅನ್ನಿಸುವುದು ಈ ಒಂದು ಅಚ್ಚಿನಿಂದ.

ಹಿಮಕ್ಕೆ ಅಡುಗೆ ಸೋಡಾ ಹಾಕಿ ಅಂತ ಹಳೇ ಕಾಲದ ಸಲಹೆ ಒಂದಿದೆ. ಮೊದಮೊದಲು ಚೆನ್ನಾಗೇ ಕಾಣುತ್ತದೆ. ಆಮೇಲೆ ತೇವ ಎಳೆದುಕೊಂಡು ಹಳದಿಯಾಗುತ್ತದೆ, ಕೆಳಗಿನ ಬಣ್ಣವನ್ನೂ ಕೆಡಿಸುತ್ತದೆ. ಮಲೆನಾಡಿನ ತೇವಕ್ಕಂತೂ ಕೇಳಲೇಬೇಡಿ. ನಾನು ಬಳಸುವುದು ರಂಗೋಲಿ ಪುಡಿ. ಬಿಳಿ ಕಲ್ಲಿನ ಪುಡಿ ಅದು; ಕೊಳೆಯುವುದಿಲ್ಲ, ಕರಗುವುದಿಲ್ಲ, ಬೆಳಕಿಗೆ ಸಣ್ಣಗೆ ಮಿನುಗುತ್ತದೆ. ಬಟ್ಟೆಯಲ್ಲಿ ಸೋಸಿ, ಬಿಳಿ ಅಕ್ರಿಲಿಕ್ ಮತ್ತು ಫೆವಿಕಾಲಿನ ಜೊತೆ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹಚ್ಚುತ್ತೇನೆ. ಕೊನೆಗೆ ಒಣ ಪುಡಿಯನ್ನು ಮೇಲಿಂದ ಉದುರಿಸುತ್ತೇನೆ. ಎಲ್ಲಾ ಕಡೆ ಬೆಳ್ಳಗೆ ಇರಬಾರದು. ಚೈನ್ ಹಾದು ಹೋದ ಕಡೆ ಹಿಮ ಕೆಸರಿನ ಜೊತೆ ಬೆರೆತು ಕಂದು ಬೂದು ರಾಡಿ ಆಗಿರುತ್ತದೆ. ಆ ರಾಡಿಯನ್ನು ಸರಿ ಮಾಡುವುದಕ್ಕೇ ಇಡೀ ಟ್ಯಾಂಕ್ ಜೋಡಿಸುವಷ್ಟು ಹೊತ್ತು ಹಿಡಿಯಿತು. ನನಗೇನೂ ಬೇಸರವಿಲ್ಲ.

ಬಣ್ಣದ ವಿಷಯದಲ್ಲಿ ಒಂದೇ ಮಾತು. ಹಳೇಬೀಡಿನ ಗೋಡೆಯ ಪಟ್ಟಿಕೆಗಳನ್ನು ನೋಡಿರುತ್ತೀರಿ. ಅಷ್ಟು ಪುಟ್ಟ ಕುದುರೆ, ಆನೆ, ಬಿಲ್ಲಾಳುಗಳು ದೂರದಿಂದಲೂ ಬಿಡಿಬಿಡಿಯಾಗಿ ಕಾಣುವುದು ಶಿಲ್ಪಿಗಳು ಬಳಪದ ಕಲ್ಲನ್ನು ಆಳಕ್ಕೆ ಕೊರೆದು ನೆರಳು ಬೀಳಿಸಿದ್ದರಿಂದ. ಪುಟ್ಟ ಟ್ಯಾಂಕಿನಲ್ಲಿ ಅಷ್ಟು ಆಳ ಇಲ್ಲ, ಹಾಗಾಗಿ ನೆರಳನ್ನು ನಾವೇ ಬಳಿಯಬೇಕು. ತೆಳ್ಳಗೆ ಮಾಡಿದ ಕಪ್ಪು ಕಂದು ಎಣ್ಣೆ ಬಣ್ಣವನ್ನು ಸಂದುಗಳಲ್ಲಿ ಹರಿಸುವುದು, ಒಣಗಿದ ಮೇಲೆ ಬ್ರಷ್‌ನಲ್ಲಿ ಇದ್ದೂ ಇಲ್ಲದ ಹಾಗೆ ತಿಳಿ ಬಣ್ಣ ತೆಗೆದುಕೊಂಡು ಏಣುಗಳ ಮೇಲೆ ಸವರುವುದು. ಅಲ್ಲಿಗೆ ನಿಲ್ಲಿಸಿ. ಈಗಿನ ಮಾಡೆಲ್‌ಗಳಲ್ಲಿ ಕಾಣುವಷ್ಟು ತುಕ್ಕು, ಗೀರು, ಎಣ್ಣೆ ಸೋರಿಕೆ ನಿಜವಾದ ಟ್ಯಾಂಕಿನಲ್ಲಿ ಇದ್ದಿದ್ದರೆ ಆ ರೆಜಿಮೆಂಟಿನ ಮೆಕ್ಯಾನಿಕ್ ಕೆಲಸ ಕಳೆದುಕೊಳ್ಳುತ್ತಿದ್ದ.

ನಮ್ಮ ಊರಿನಲ್ಲಿ ಈ ಹವ್ಯಾಸಕ್ಕೆ ದೊಡ್ಡ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗುವುದಿಲ್ಲ. ಗಾಳಿಯಲ್ಲಿ ತೇವ ಇದ್ದಾಗ ಸ್ಪ್ರೇ ವಾರ್ನಿಷ್ ಹೊಡೆದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಬೇಸ್‌ಗೆ ಹಾಕಿದ ಟೀ ಸೊಪ್ಪು, ಕಾಫಿ ಚರಟಕ್ಕೆ ಬೂಷ್ಟು ಹಿಡಿಯುತ್ತದೆ. ಕಾಫಿ ಚರಟ ಒಳ್ಳೆಯ ಕಪ್ಪು ಮಣ್ಣು, ಅದರಲ್ಲೂ ಚಿಕೋರಿ ಇಲ್ಲದ್ದು. ಆದರೆ ಬಾಣಲೆಯಲ್ಲಿ ಚೆನ್ನಾಗಿ ಹುರಿದ ಮೇಲೇ ಬಳಸಬೇಕು. ಒಣಗಿಸೋಕೆ ರಟ್ಟಿನ ಪೆಟ್ಟಿಗೆಯೊಳಗೆ ಹಳೇ ಥರದ ಬಲ್ಬ್ ಒಂದನ್ನು ಹಾಕಿಟ್ಟುಕೊಂಡಿದ್ದೇನೆ. ಮನೆಯವರು ಅದರ ಮೇಲೆ ಸಾಕ್ಸ್ ಒಣಹಾಕುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ.

ಈಗ ಕೈಗೆತ್ತಿಕೊಂಡಿರುವುದು ಅಸಲ್ ಉತ್ತರ್. 1965ರ ಸೆಪ್ಟೆಂಬರ್, ಪಂಜಾಬಿನ ಖೇಮ್‌ಕರಣ್ ಹತ್ತಿರ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ನಮ್ಮವಕ್ಕಿಂತ ಹೊಸವು. ನಮ್ಮವರು ಹೊಲಗಳಿಗೆ ನೀರು ಬಿಟ್ಟು ಎತ್ತರದ ಕಬ್ಬಿನ ಮರೆಯಲ್ಲಿ ಕಾದರು. ನುಗ್ಗಿ ಬಂದ ಪ್ಯಾಟನ್‌ಗಳು ಕೆಸರಿನಲ್ಲಿ ಹೂತವು. ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಅಬ್ದುಲ್ ಹಮೀದ್ ಒಂದಾದ ಮೇಲೊಂದು ಟ್ಯಾಂಕ್ ಹೊಡೆದದ್ದು ಇಲ್ಲೇ. ಅವರಿಗೆ ಪರಮವೀರ ಚಕ್ರ ಬಂತು. ನೆಲವೇ ಯುದ್ಧದ ಅರ್ಧ ಕೆಲಸ ಮಾಡಿದ ಜಾಗ. ನನ್ನಂಥವನಿಗೆ ಇನ್ನೇನು ಬೇಕು?

ಮೂರು ಮೀಟರ್ ಕಬ್ಬು 1/72ರಲ್ಲಿ ನಾಲ್ಕು ಸೆಂಟಿಮೀಟರ್. ಪ್ಯಾಟನ್ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಜಲ್ಲೆಗೆ ಪೊರಕೆ ಕಡ್ಡಿ ಆಯಿತು. ಗರಿಗೆ ಕಾಗದ ಕತ್ತರಿಸಿ ನೋಡಿದೆ, ಕಾಗದದ ಹಾಗೇ ಕಾಣುತ್ತಿತ್ತು. ಹೂ ಕಟ್ಟುವ ಬಾಳೆನಾರನ್ನು ಉಗುರಿನಿಂದ ಸಣ್ಣಗೆ ಸೀಳಿದಾಗ ಸರಿಹೋಯಿತು. ಒಣಗುವಾಗ ತಾನೇ ಬಾಗುತ್ತದೆ, ತುದಿ ಸುರುಳಿ ಆಗುತ್ತದೆ. ಚನ್ನರಾಯಪಟ್ಟಣದ ಕಡೆ ಕಬ್ಬು ಬೆಳೆಯುವ ನಮ್ಮ ಭಾವ ಬಂದಿದ್ದಾಗ ತೋರಿಸಿದೆ. ಮೇಲೆ ನಾನು ಅಂದಕ್ಕೆ ಅಂತ ಸಿಕ್ಕಿಸಿದ್ದ ಸೂಲಂಗಿಯನ್ನು ಮೊದಲು ಕಿತ್ತು ಹಾಕಿಸಿದರು. ಸೆಪ್ಟೆಂಬರ್‌ಗೆ ಕಬ್ಬು ಹೂ ಬಿಟ್ಟಿರುವುದಿಲ್ಲವಂತೆ. ಕೆಳಗಿನ ಗರಿ ಹಸಿರಿರಬಾರದು, ಒಣಗಿದ ತರಗು ಆಗಿರಬೇಕು ಅಂದರು. ಆಮೇಲೆ ಟ್ಯಾಂಕ್ ನೋಡಿದರು.

"ಇದು ಹೂತಿರೋದಾ?"

"ಹೌದು ಭಾವ. ಚಕ್ರ ಅರ್ಧ ಮುಳುಗಿದೆ ನೋಡಿ."

"ನೀರು ಬಿಟ್ಟ ಗದ್ದೇಲಿ ಟ್ರ್ಯಾಕ್ಟರ್ ಹೂತರೆ ಹಿಂಗಿರಲ್ಲ ಕಣೋ. ಹೊಟ್ಟೆ ನೆಲಕ್ಕೆ ಕೂತಿರುತ್ತೆ. ಹಿಂದಕ್ಕೆ ಮುಂದಕ್ಕೆ ಆಡಿಸಿ ಆಡಿಸಿ ಹಿಂದ್ಗಡೆ ಹಳ್ಳ ಬಿದ್ದು, ಅದ್ರಲ್ಲಿ ನೀರು ನಿಂತಿರುತ್ತೆ. ಮೂತಿ ಸ್ವಲ್ಪ ಮೇಲಕ್ಕೆ ಎದ್ದಿರುತ್ತೆ."

ಅವರು ಹೇಳಿದ್ದು ಸರಿ. ಹಾಗೆ ಮಾಡಬೇಕಾದರೆ ಪ್ಯಾಟನ್‌ನ ಒಂದೊಂದು ಬದಿಯ ಆರು ಚಕ್ರಗಳನ್ನೂ ಅರ್ಧಕ್ಕೆ ಗರಗಸ ಹಾಕಿ ಕೊಯ್ಯಬೇಕು, ಇಲ್ಲವೇ ಬೇಸನ್ನು ಒಂದೂವರೆ ಸೆಂಟಿಮೀಟರ್ ದಪ್ಪ ಮಾಡಿ ಟ್ಯಾಂಕನ್ನು ಅದರೊಳಗೆ ಇಳಿಸಬೇಕು. ಚಕ್ರ ಕೊಯ್ಯುವುದು ಸುಲಭ, ಯಾರಿಗೂ ಗೊತ್ತೂ ಆಗುವುದಿಲ್ಲ. ಆದರೂ ನಾನು ಬೇಸ್ ದಪ್ಪ ಮಾಡುವವನೇ. ಹಿಂದಿನ ಹಳ್ಳಕ್ಕೆ ಹೇಗಿದ್ದರೂ ಅಷ್ಟು ಆಳ ಬೇಕಲ್ಲ.